ನೆಲ್ಸನ್ ಮುಗಿಸದೆ ಹೋದ ಕಾಗದ

ಕಡಲ ಕರೆಯಲ್ಲಿ ಬಾಳುವ ನಮಗೆ ಇಂಗ್ಲೆಂಡಿನ ನೌಕಾಸೇನಾನಿ ಹೊರೇಷಿಯೊ ನೆಲ್ಸನ್ ತೀರ ಹೊರಗಿನವನಲ್ಲ. 1775ರಲ್ಲಿ, ಹದಿನಾರರ ಹುಡುಗನಾಗಿದ್ದಾಗ, ಆತ ಮೊದಲ ಕಾಳಗ ಕಂಡದ್ದು ನಮ್ಮ ಹೈದರಾಲಿಯ ಹಡಗುಗಳೆದುರು.

ನಾರ್ಫಕ್ ಪ್ರಾಂತದ ಪಾದ್ರಿಯೊಬ್ಬರ ಮನೆಯಲ್ಲಿ 1758ರಲ್ಲಿ ಹುಟ್ಟಿದ ಈತ ಒಂಬತ್ತರಲ್ಲಿ ತಾಯಿಯನ್ನು ಕಳೆದುಕೊಂಡ. ಹನ್ನೆರಡರಲ್ಲಿ ಸೋದರಮಾವನ ಹಡಗು ಸೇರಿದ. 1794ರಲ್ಲಿ ಬಲಗಣ್ಣಿನ ದೃಷ್ಟಿ, 1797ರಲ್ಲಿ ಬಲಗೈ ಯುದ್ಧಕ್ಕೆ ಬಲಿಯಾದವು. ಆದರೂ ಕಾಗದ ಬರೆಯುವುದು ನಿಲ್ಲಲಿಲ್ಲ. ಎಡಗೈಯಲ್ಲಿ ಹೊಸದಾಗಿ ಅಕ್ಷರ ತಿದ್ದಿದ.

ಪತ್ನಿಯಿಂದ ದೂರವಾಗಿದ್ದ ಆತನ ಒಲವೆಲ್ಲ ಎಮ್ಮಾ ಹ್ಯಾಮಿಲ್ಟನ್ ಮತ್ತು ಅವಳಲ್ಲಿ ಹುಟ್ಟಿದ ಮಗಳು ಹೊರೇಷಿಯಾಳ ಮೇಲಿತ್ತು. ಫ್ರೆಂಚ್ ಮತ್ತು ಸ್ಪ್ಯಾನಿಷ್ ನೌಕಾಬಲದೆದುರಿನ ಟ್ರಫಾಲ್ಗರ್ ಕದನಕ್ಕೆ ಎರಡು ದಿನ ಮುಂಚೆ, 1805ರ ಅಕ್ಟೋಬರ್ 19ರಂದು, ಇಬ್ಬರಿಗೂ ಕಾಗದ ಬರೆದ. 21ರ ಬೆಳಿಗ್ಗೆ ಉಯಿಲಿಗೆ ಸೇರಿಸಿದ ಬರಹದಲ್ಲಿ ಅವರಿಬ್ಬರನ್ನೂ ದೇಶದ ಮಡಿಲಿಗೆ ಒಪ್ಪಿಸಿದ. ಅಂದೇ ಮಧ್ಯಾಹ್ನ ಗುಂಡೇಟಿನಿಂದ ಅಸುನೀಗಿದ. ಎಮ್ಮಾಳ ಕಾಗದ ಮುಗಿಯದೆ ಮೇಜಿನ ಮೇಲೆ ಉಳಿದಿತ್ತು.

ದೇಶವು ಗೆದ್ದಿತು. ನೆಲ್ಸನ್‌ನ ಅಣ್ಣನಿಗೆ ಪದವಿಯೂ ಹಣವೂ ದೊರೆತವು. ನೆಲ್ಸನ್‌ನನ್ನು ಮದುವೆಯಾಗಿರದ ಎಮ್ಮಾಳಿಗೆ ಸರಕಾರ ಏನನ್ನೂ ಕೊಡಲಿಲ್ಲ. ಸಾಲದಲ್ಲಿ ಮುಳುಗಿದ ಆಕೆ 1815ರಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ಕಡುಬಡತನದಲ್ಲಿ ಕಣ್ಣುಮುಚ್ಚಿದಳು. ಆಗ ಜೊತೆಗಿದ್ದವಳು ಹದಿಮೂರರ ಹೊರೇಷಿಯಾ.

ಎಡಭುಜದಲ್ಲಿ ಗುಂಡಿನ ತೂತಿರುವ ನೆಲ್ಸನ್‌ನ ಕೋಟು ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಭದ್ರವಾಗಿದೆ. ಮಡಿದವನ ಕೋಟನ್ನು ಕಾಪಾಡಿದ ನಾಡು ಆತ ನಂಬಿ ಒಪ್ಪಿಸಿದ ಮಗುವನ್ನು ಕಾಪಾಡಲಿಲ್ಲ. ವೀರರನ್ನು ನೆನೆಯುವ ದಿನ ಅವರ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಬೇಕೆಂಬುದನ್ನು ನಾವು ಮರೆಯದಿರೋಣ.