ರೈಲುದಾರಿಯ ಗುತ್ತಿಗೆದಾರ ಥಾಮಸ್ ಬ್ರಾಸಿ

ರೈಲಿನ ಚರಿತ್ರೆ ಹೇಳುವಾಗ ನಾವೆಲ್ಲ ಜಾರ್ಜ್ ಸ್ಟೀಫನ್‌ಸನ್ನನ ಹೆಸರು ಹೇಳುತ್ತೇವೆ. ಪರೀಕ್ಷೆಯಲ್ಲಿಯೂ ಅದನ್ನೇ ಕೇಳುತ್ತಾರೆ. ಆದರೆ ಗುಡ್ಡ ಕಡಿದು, ಹಳ್ಳ ತುಂಬಿ, ಸೇತುವೆ ಕಟ್ಟಿ, ಸಾವಿರಾರು ಕೂಲಿಗಳಿಗೆ ವೇಳೆಗೆ ಸರಿಯಾಗಿ ಬಟವಾಡೆ ಮಾಡಿ, ಒಪ್ಪಿದ ಹಣದಲ್ಲಿ ಹಳಿ ಹಾಸಿ ಕೊಟ್ಟವರು ಯಾರೆಂದು ಯಾರೂ ಕೇಳುವುದಿಲ್ಲ. ಅಂಥವರಲ್ಲಿ ಹಿರಿಯನು ಇಂಗ್ಲೆಂಡಿನ ಥಾಮಸ್ ಬ್ರಾಸಿ. ಅವನು ತೀರಿಕೊಂಡ ಕಾಲಕ್ಕೆ ಜಗತ್ತಿನಲ್ಲಿದ್ದ ರೈಲುದಾರಿಯಲ್ಲಿ ಇಪ್ಪತ್ತು ಮೈಲಿಗೆ ಒಂದು ಮೈಲಿ ಅವನು ಮಾಡಿಸಿದ್ದು ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ದೇಶದ ದಿಲ್ಲಿ-ಅಮೃತಸರ ಮಾರ್ಗದ ಗುತ್ತಿಗೆಯಲ್ಲಿಯೂ ಅವನ ಪಾಲಿತ್ತು.

ಬ್ರಾಸಿ ಹುಟ್ಟಿದ್ದು 1805ರ ನವೆಂಬರ್ 7ರಂದು, ಚೆಷೈರ್ ಪ್ರಾಂತದ ಬ್ಯೂರ್ಟನ್ ಎಂಬಲ್ಲಿ. ತಂದೆ ಒಕ್ಕಲುತನದವನು. ಹದಿನಾರು ವರುಷಕ್ಕೆ ಶಾಲೆ ಮುಗಿಸಿ ಲಾಟನ್ ಎಂಬ ಭೂಮಾಪಕನ ಕೈಕೆಳಗೆ ಕೆಲಸ ಕಲಿಯಲು ಸೇರಿದ. ಮುಂದೆ ಅವನ ಪಾಲುಗಾರನಾಗಿ ಬರ್ಕನ್‌ಹೆಡ್ಡಿನಲ್ಲಿ ಇಟ್ಟಿಗೆಭಟ್ಟಿ, ಸುಣ್ಣದ ಭಟ್ಟಿಗಳನ್ನು ನಡೆಸಿದ. ಇಟ್ಟಿಗೆ, ಸುಣ್ಣ, ಕಲ್ಲು, ಆಳಿನ ಕೂಲಿ ಇವುಗಳ ನಿಜವಾದ ಬೆಲೆ ಅವನಿಗೆ ತಿಳಿದದ್ದು ಪುಸ್ತಕದಿಂದಲ್ಲ, ಈ ಭಟ್ಟಿಗಳಿಂದ.

ಸೇತುವೆಗೆ ಕಲ್ಲು ಹುಡುಕುತ್ತ ಬಂದ ಸ್ಟೀಫನ್‌ಸನ್ನನ ಪರಿಚಯವಾಗಿ ಅವನ ಮನಸ್ಸು ರೈಲಿನ ಕಡೆಗೆ ತಿರುಗಿತು. ಡಟನ್ ಎಂಬಲ್ಲಿಯ ಸೇತುವೆಗೆ ಟೆಂಡರು ಹಾಕಿದ. ಅವನಿಗಿಂತ 5,000 ಪೌಂಡು ಕಡಿಮೆ ಹೇಳಿದ ಮೆಕೆಂಜಿ ಎಂಬವನಿಗೆ ಕೆಲಸ ಹೋಯಿತು. 1835ರಲ್ಲಿ ಪೆಂಕ್ರಿಜ್ ಸೇತುವೆಗೂ ಅದರ ಜೊತೆಗಿನ ಹತ್ತು ಮೈಲಿ ದಾರಿಗೂ ಮತ್ತೆ ಟೆಂಡರು ಹಾಕಿದಾಗ ಅವನದು ಒಪ್ಪಿಗೆಯಾಯಿತು. 1837ರಲ್ಲಿ ಅದರ ಮೇಲೆ ರೈಲು ಓಡಿತು. ಅಂದು ತನ್ನನ್ನು ಸೋಲಿಸಿದ ಮೆಕೆಂಜಿಯೊಡನೆಯೇ ಪಾಲುಗಾರಿಕೆ ಮಾಡಿ 1841ರಲ್ಲಿ ಫ್ರಾನ್ಸಿಗೆ ಹೋದ.

ಇಲ್ಲಿ ಗುತ್ತಿಗೆಯ ಕಷ್ಟವನ್ನು ಸ್ವಲ್ಪ ಹೇಳಬೇಕು. ಭೂಮಿ ಅಗೆಯುವ ಮೊದಲೇ ಗುತ್ತಿಗೆದಾರನು ಇಷ್ಟು ಹಣಕ್ಕೆ ಮುಗಿಸುತ್ತೇನೆಂದು ಬರೆದು ಕೊಡಬೇಕು. ಒಳಗೆ ಮಣ್ಣಿದೆಯೋ ಬಂಡೆಯಿದೆಯೋ ಯಾರು ಕಂಡವರು? ನಮ್ಮ ಕಡೆ ಬಾವಿ ತೋಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಮಣ್ಣಿನ ದರಕ್ಕೆ ಮಾತಾಡಿದ ಬಾವಿಗೆ ಹತ್ತು ಮೊಳದ ಕೆಳಗೆ ಕಲ್ಲು ಹತ್ತಿದರೆ ಜಗಳ ಶುರು. ತೋಡುವವನು ಕೆಲಸ ಬಿಟ್ಟು ಹೋಗುತ್ತಾನೆ, ಇಲ್ಲವೆ ಕಳ್ಳಕೆಲಸ ಮಾಡುತ್ತಾನೆ.

ಬ್ರಾಸಿ ತನ್ನ ದೊಡ್ಡ ಗುತ್ತಿಗೆಯನ್ನು ತುಂಡು ತುಂಡಾಗಿ ಉಪಗುತ್ತಿಗೆದಾರರಿಗೆ ಹಂಚುತ್ತಿದ್ದ. ಆಮೇಲೆ ದಾರಿಯುದ್ದಕ್ಕೂ ತಾನೇ ನಡೆದು ನೋಡುತ್ತಿದ್ದ. ಮಣ್ಣಿನ ದರಕ್ಕೆ ಒಪ್ಪಿದವನಿಗೆ ಬಂಡೆ ಸಿಕ್ಕಿದ್ದು ಕಣ್ಣಿಗೆ ಬಿದ್ದರೆ, ಅವನು ಬಾಯಿಬಿಟ್ಟು ಕೇಳುವ ಮೊದಲೇ ದರ ಏರಿಸುತ್ತಿದ್ದ. ಇದನ್ನು ಬರಿಯ ಔದಾರ್ಯವೆಂದು ತಿಳಿಯಬೇಡಿರಿ. ಈತನ ಕೈಕೆಳಗೆ ಯಾರೂ ಮುಳುಗುವುದಿಲ್ಲವೆಂಬ ನಂಬಿಕೆಯಿಂದ ಆ ಜನ ಅವನು ಹೇಳಿದ ದರಕ್ಕೆ ಚೌಕಾಸಿಯಿಲ್ಲದೆ ಒಪ್ಪುತ್ತಿದ್ದರು; ಬಂಡೆ ಬರಬಹುದೆಂಬ ಅಂಜಿಕೆಯಿಂದ ಮೊದಲೇ ದರ ಹೆಚ್ಚಿಸಿ ಹೇಳುತ್ತಿರಲಿಲ್ಲ. ಕೋರ್ಟು ಕಚೇರಿಯ ಖರ್ಚೂ ಉಳಿಯಿತು, ದಿನಗಳೂ ಉಳಿದವು.

ಕೂಲಿಯ ವಿಷಯದಲ್ಲಿಯೂ ಅವನ ಲೆಕ್ಕ ಬೇರೆಯೇ ಇತ್ತು. ಪ್ಯಾರಿಸ್-ರುವಾನ್ ದಾರಿಯ ಒಂದು ಕಲ್ಲುಗಣಿಯಲ್ಲಿ ಫ್ರೆಂಚನಿಗೆ ದಿನಕ್ಕೆ 3 ಫ್ರಾಂಕ್, ಐರಿಷನಿಗೆ 4, ಇಂಗ್ಲಿಷನಿಗೆ 6 ಫ್ರಾಂಕ್ ಕೂಲಿ. ಕಡಿದ ಕಲ್ಲನ್ನು ಅಳೆದು ನೋಡಿದರೆ 6 ಫ್ರಾಂಕಿನವನೇ ಅಗ್ಗ! ಮಗನು 1872ರಲ್ಲಿ ಕೂಲಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಈ ಅಂಕಿಗಳಿವೆ. ಇದರಲ್ಲಿ ಒಂದು ಜನ ಮೇಲು, ಒಂದು ಜನ ಕೀಳು ಎಂಬ ಮಾತಿಲ್ಲವೆಂದು ನನ್ನ ಅಭಿಪ್ರಾಯ. ಹೊಟ್ಟೆಗೆ ಏನು ಬಿದ್ದಿತ್ತು, ಕೈಯಲ್ಲಿ ಎಂಥ ಹಾರೆಯಿತ್ತು, ಎಷ್ಟು ವರುಷದ ರೂಢಿಯಿತ್ತು ಎಂಬುದೇ ಮುಖ್ಯ. ಆಳಿನ ದಿನಗೂಲಿ ನೋಡುವುದಲ್ಲ, ಒಂದು ಗಜ ಕೆಲಸಕ್ಕೆ ಬಿದ್ದ ಖರ್ಚು ನೋಡಬೇಕು ಎಂಬುದು ಬ್ರಾಸಿಯ ಪದ್ಧತಿ.

ರುವಾನ್‌ನಿಂದ ಸಮುದ್ರದ ಕಡೆಗೆ ದಾರಿ ಮುಂದುವರಿಸುವಾಗ ಬಾರಂತ್ಯಾಂ ಎಂಬ ಊರಿನಲ್ಲಿ 100 ಅಡಿ ಎತ್ತರದ, 27 ಕಮಾನುಗಳ ಇಟ್ಟಿಗೆಯ ಸೇತುವೆ ಕಟ್ಟಿದರು. ಖರ್ಚು ಸುಮಾರು 50,000 ಪೌಂಡು. 1846ರ ಜನವರಿಯಲ್ಲಿ ಕೆಲವು ದಿನ ಜೋರು ಮಳೆ ಸುರಿದ ಮೇಲೆ ಅದು ಕುಸಿದು ಬಿತ್ತು. ಗಾರೆಯ ಸುಣ್ಣದ ಮೇಲೆ ಸಂಶಯ ಬಂತು. ಆ ಸುಣ್ಣವನ್ನು ಅಲ್ಲಿಯೇ ಕೊಳ್ಳಬೇಕೆಂದು ಕರಾರಿನಲ್ಲಿಯೇ ಬರೆದಿತ್ತು. ಬ್ರಾಸಿ ಮನಸ್ಸು ಮಾಡಿದ್ದರೆ ಆ ಒಂದು ಸಾಲನ್ನು ಹಿಡಿದು ವರ್ಷಗಟ್ಟಲೆ ವ್ಯಾಜ್ಯ ಹೂಡಬಹುದಾಗಿತ್ತು. ಅವನು ಹೂಡಲಿಲ್ಲ. ತಾನು ಒಪ್ಪಿಕೊಂಡದ್ದು ನಿಲ್ಲುವ ದಾರಿಯನ್ನು ಎಂದು ಭಾವಿಸಿ, ತನಗೆ ಸರಿಕಂಡ ಸುಣ್ಣ ತರಿಸಿ, ತನ್ನ ಸ್ವಂತ ಹಣದಿಂದ ಮತ್ತೆ ಕಟ್ಟಿಸಿದ. ಆ ಸೇತುವೆಯ ಮೇಲೆ ಇಂದಿಗೂ ರೈಲು ಹೋಗುತ್ತದೆ.

1855ರಲ್ಲಿ ಕ್ರಿಮಿಯಾ ಯುದ್ಧದ ಸೈನ್ಯಕ್ಕಾಗಿ ಪಾಲುಗಾರರೊಂದಿಗೆ ಲಾಭವಿಲ್ಲದೆ, ಬಿದ್ದ ಖರ್ಚಿಗಷ್ಟೇ ರೈಲುದಾರಿ ಹಾಕಿಕೊಟ್ಟ. ಆದರೆ ಅದೇ ಕಾಲದಲ್ಲಿ ಕೆನಡಾದ ಗ್ರ್ಯಾಂಡ್ ಟ್ರಂಕ್ ರೈಲ್ವೆ ಅವನ ಬೊಕ್ಕಸವನ್ನೇ ಹೀರಿತು. ಕಡುಚಳಿಯ ದೇಶ, ಆಳುಗಳ ಅಭಾವ, ಕಂಪನಿಯಲ್ಲಿಯೂ ಹಣದ ತಾಪತ್ರಯ. ಮಾಂಟ್ರಿಯಲ್ಲಿನ ವಿಕ್ಟೋರಿಯಾ ಸೇತುವೆಯ ಕಬ್ಬಿಣದ ಭಾಗಗಳನ್ನು ಬರ್ಕನ್‌ಹೆಡ್ಡಿನ ಕಾರಖಾನೆಯಲ್ಲಿ ಮಾಡಿಸಿ, ಗುರುತು ಹಾಕಿ, ಹಡಗಿನಲ್ಲಿ ಕಳಿಸಿದರು. 1859ರಲ್ಲಿ ಸೇತುವೆ ಮುಗಿಯಿತು. ಗುತ್ತಿಗೆದಾರರಿಗೆ ಆದ ನಷ್ಟ ಹೆಚ್ಚು ಕಡಿಮೆ 10 ಲಕ್ಷ ಪೌಂಡು. ಕೆಳಗಿನವನಿಗೆ ಕಲ್ಲು ಹತ್ತಿದಾಗ ಬ್ರಾಸಿ ದರ ಏರಿಸಿದ್ದ. ಅವನಿಗೇ ಕಲ್ಲು ಹತ್ತಿದಾಗ ಏರಿಸುವವರು ಮೇಲೆ ಯಾರೂ ಇರಲಿಲ್ಲ.

1866ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ದೊಡ್ಡ ಹಣಕಾಸಿನ ಮನೆ ಮುರಿದು ಬಿದ್ದಿತು. ಬ್ರಾಸಿಯ ಹಳೆಯ ಪಾಲುಗಾರ ಪೀಟೊ ದಿವಾಳಿಯಾದ. ಆಸ್ತಿಯಿರುವುದು ಬೇರೆ, ಶನಿವಾರದ ಬಟವಾಡೆಗೆ ಕೈಯಲ್ಲಿ ರೊಕ್ಕವಿರುವುದು ಬೇರೆ. ಕೊಡುವವರು ತಡಮಾಡಿದರೂ ಕೂಲಿಯವನ ಹಸಿವು ತಡೆಯುವುದಿಲ್ಲ. ಆಗಲೇ ಆಸ್ಟ್ರಿಯಾಕ್ಕೂ ಪ್ರಷ್ಯಾಕ್ಕೂ ಯುದ್ಧ ಹತ್ತಿ, ಲೆಂಬರ್ಗ್-ಚೆರ್ನೊವಿಟ್ಸ್ ದಾರಿಯ ಕೂಲಿಗಳಿಗೆ ಹಣ ಮುಟ್ಟಿಸುವುದೇ ಕಷ್ಟವಾಯಿತು. (ಆ ಊರುಗಳು ಈಗ ಉಕ್ರೇನಿನಲ್ಲಿವೆ.) ಓಫೆನ್‌ಹೈಮ್ ಎಂಬವನು ಹಣವನ್ನು ರೈಲಿನ ಎಂಜಿನ್ನಿನಲ್ಲಿ ಹೇರಿಕೊಂಡು, ಸೈನ್ಯಗಳ ನಡುವಿನಿಂದ ವೇಗವಾಗಿ ಓಡಿಸಿಕೊಂಡು ಹೋಗಿ ಬಟವಾಡೆ ಮಾಡಿದ. ಬ್ರಾಸಿ ಆ ವರುಷ ಬಹಳ ಕಳೆದುಕೊಂಡ, ಆದರೆ ಮುಳುಗಲಿಲ್ಲ. ಸ್ನೇಹಿತರು ನೆರವಾದರು. ಅವನ ಹೆಸರಿನ ಮೇಲೆ ಹಣ ಕೊಡುವವರು ಆಗಲೂ ಇದ್ದರು.

ಕೊನೆಯ ದಿನಗಳಲ್ಲಿ ಅವನು ಕಾಯಿಲೆಯಿಂದ ಸೇಂಟ್ ಲೆನರ್ಡ್ಸ್ ಎಂಬ ಸಮುದ್ರತೀರದ ಊರಿನಲ್ಲಿದ್ದ. ಎಂಜಿನಿಯರುಗಳು, ಪಾಲುಗಾರರು ಬಂದು ಹೋದರು. ಅವನ ಕೈಕೆಳಗೆ ಮಣ್ಣು ಹೊತ್ತ ಕೂಲಿಗಳೂ ಬಂದರು. ಕೆಲವರು ಹಲವು ದಿನ ನಡೆದೇ ಬಂದಿದ್ದರು. 1870ರ ಡಿಸೆಂಬರ್ 8ರಂದು ಅವನು ಅಲ್ಲಿಯೇ ತೀರಿಕೊಂಡ. ಹತ್ತಿರದ ಕ್ಯಾಟ್ಸ್‌ಫೀಲ್ಡ್ ಹಳ್ಳಿಯಲ್ಲಿ ಅವನ ಸಮಾಧಿಯಿದೆ.