ಗುಡ್ಡವೇರಿದ ಹಗ್ಗ

ಅಮೆರಿಕದ ಪಶ್ಚಿಮ ತೀರದ ಸಾನ್ ಫ್ರಾನ್ಸಿಸ್ಕೋ ಗುಡ್ಡಗಳ ಮೇಲೆ ಬೆಳೆದ ನಗರ. ಅಲ್ಲಿನ ಕಡಿದಾದ ಬೀದಿಗಳಲ್ಲಿ ಕುದುರೆಯೂ ಎಂಜಿನ್ನೂ ಇಲ್ಲದೆ ಏರಿಳಿಯುವ ಗಾಡಿಗಳ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅವುಗಳನ್ನು ಮೊದಲು ಓಡಿಸಿದ ಆಂಡ್ರ್ಯೂ ಸ್ಮಿತ್ ಹ್ಯಾಲಿಡಿಯು ಆ ದೇಶದಲ್ಲಿ ಹುಟ್ಟಿದವನಲ್ಲ.

1836ರಲ್ಲಿ ಲಂಡನ್ನಿನಲ್ಲಿ ಜನಿಸಿದ ಆತನು 1852ರಲ್ಲಿ ತಂದೆಯೊಡನೆ ಕ್ಯಾಲಿಫೋರ್ನಿಯದ ಚಿನ್ನದ ಸೀಮೆಗೆ ಬಂದನು. ಮರುವರ್ಷ ತಂದೆ ತಾಯ್ನಾಡಿಗೆ ಮರಳಿದನು, ಹುಡುಗನು ಉಳಿದನು. ಚಿನ್ನವೇನೋ ಕೈಗೆ ಹತ್ತಲಿಲ್ಲ. ಕಮ್ಮಾರಿಕೆ, ಭೂಮಾಪನ, ತೂಗುಸೇತುವೆಯ ಕಟ್ಟಡ, ಹೀಗೆ ಸಿಕ್ಕಿದ ಕೆಲಸವನ್ನೆಲ್ಲ ಮಾಡಿದನು. 1856ರಲ್ಲಿ, ಗಣಿಯ ಬಂಡಿಗಳನ್ನು ಇಳಿಸುವ ಹಗ್ಗವು 75 ದಿನಗಳಲ್ಲೇ ಸವೆದುಹೋಗುವುದನ್ನು ಕಂಡು, ತಂತಿಗಳನ್ನು ಹೊಸೆದು ಬೇರೊಂದನ್ನು ಮಾಡಿಕೊಟ್ಟನು. ಅದು ಎರಡು ವರ್ಷ ಬಾಳಿತು. ತಂತಿಹಗ್ಗದ ವಿದ್ಯೆ ತಂದೆಯಿಂದ ಬಂದ ಸೊತ್ತೆಂಬುದನ್ನು ನಾವು ಮರೆಯಲಾಗದು. ಮರುವರ್ಷವೇ ಸಾನ್ ಫ್ರಾನ್ಸಿಸ್ಕೋದಲ್ಲಿ ಆತನ ಹಗ್ಗದ ಕಾರ್ಖಾನೆ ತಲೆಯೆತ್ತಿತು.

1869ರಲ್ಲಿ, ಒದ್ದೆಯಾದ ಏರಿನಲ್ಲಿ ಟ್ರಾಮನ್ನೆಳೆಯುತ್ತಿದ್ದ ಕುದುರೆಗಳು ಜಾರಿಬಿದ್ದು, ಗಾಡಿಯೊಡನೆ ಕೆಳಕ್ಕೆ ಎಳೆಯಲ್ಪಟ್ಟುದನ್ನು ಆತನು ಕಂಡನೆಂದು ಹೇಳುತ್ತಾರೆ. ಗಣಿಯ ಬಂಡಿಯನ್ನು ಎಳೆದ ಹಗ್ಗವು ಜನರ ಗಾಡಿಯನ್ನೇಕೆ ಎಳೆಯಬಾರದು? ಬೀದಿಯ ನೆಲದಡಿ ಕೊನೆಯಿಲ್ಲದ ಹಗ್ಗವೊಂದು ಆವಿಯಂತ್ರದ ಬಲದಿಂದ ಸದಾ ಓಡುತ್ತಿರುವುದು. ಗಾಡಿಯಲ್ಲಿರುವವನು ಹಳಿಗಳ ನಡುವಣ ಸೀಳಿನೊಳಗಿಂದ ಇಳಿದ ಹಿಡಿಕೆಯಿಂದ ಅದನ್ನು ಬಿಗಿಹಿಡಿದರೆ ಗಾಡಿ ಸಾಗುವುದು. ಹಿಡಿತ ಬಿಟ್ಟು ತಡೆಯೊತ್ತಿದರೆ ನಿಲ್ಲುವುದು. ಹಿಡಿಕೆಯ ರಚನೆಯಲ್ಲಿ ವಿಲಿಯಂ ಎಪೆಲ್‌ಶೈಮರ್ ಎಂಬ ಜರ್ಮನ್ ಎಂಜಿನಿಯರನ ಪಾಲು ದೊಡ್ಡದು. ಹೊಗಳುವವರು ಅವನನ್ನು ಮರೆಯುವುದು ನ್ಯಾಯವಲ್ಲ.

ಹಣ ಹೂಡಲು ಜನ ಹಿಂಜರಿದರು. ಕೆಲವು ಸ್ನೇಹಿತರು ಮಾತ್ರ ಕೈಜೋಡಿಸಿದರು. ಪರವಾನಗಿಯ ಗಡುವು 1873ರ ಆಗಸ್ಟ್ 1ಕ್ಕೆ ಮುಗಿಯಿತು. 2ನೆಯ ತಾರೀಖಿನ ನಸುಕಿನಲ್ಲಿ, ಮಂಜು ಕವಿದ ಕ್ಲೇ ಬೀದಿಯ ತುದಿಯಲ್ಲಿ ಗಾಡಿ ನಿಂತಿತ್ತು. ಹಿಡಿಕೆ ಹಿಡಿಯಬೇಕಾದವನು ಇಳಿಜಾರನ್ನು ನೋಡಿ ಹಿಮ್ಮೆಟ್ಟಿದನೆಂದೂ, ಹ್ಯಾಲಿಡಿಯೇ ಹಿಡಿಕೆ ಹಿಡಿದು ಗಾಡಿಯನ್ನು ಇಳಿಸಿ ಮತ್ತೆ ಏರಿಸಿದನೆಂದೂ ಪ್ರತೀತಿಯಿದೆ. ಆ ದಾರಿಯ ಉದ್ದ 2800 ಅಡಿ, ಏರು 307 ಅಡಿ. ಸೆಪ್ಟೆಂಬರಿನಿಂದ ಸಾರ್ವಜನಿಕರು ಹತ್ತತೊಡಗಿದರು. ಯಾರಿಗೂ ಬೇಡವಾಗಿದ್ದ ಗುಡ್ಡದ ನೆತ್ತಿಯಲ್ಲಿ ಶ್ರೀಮಂತರ ಮಹಲುಗಳೆದ್ದವು.

ಸಂಪತ್ತು ಬಂದ ಮೇಲೂ ಆತನು ಸುಮ್ಮನಿರಲಿಲ್ಲ. ಯಂತ್ರಕುಶಲಿಗಳ ಸಂಸ್ಥೆಯ ಅಧ್ಯಕ್ಷನಾಗಿ, 1868ರಿಂದ ಕೊನೆಯವರೆಗೂ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆಡಳಿತ ಮಂಡಲಿಯ ಸದಸ್ಯನಾಗಿ ದುಡಿದು, 1900ರ ಏಪ್ರಿಲಿನಲ್ಲಿ ತೀರಿಕೊಂಡನು. 1906ರ ಭೂಕಂಪವು ಹಗ್ಗದ ಮಾರ್ಗಗಳಲ್ಲಿ ಬಹುಪಾಲನ್ನು ಹಾಳುಗೆಡವಿತು. ಕ್ಲೇ ಬೀದಿಯುದ್ದಕ್ಕೂ ಈಗ ಹಗ್ಗ ಓಡುವುದಿಲ್ಲ. ಅದೇ ಊರಿನ ಇನ್ನು ಮೂರು ಮಾರ್ಗಗಳಲ್ಲಿ ನೆಲದಡಿಯ ಹಗ್ಗವು ಇಂದಿಗೂ ಗಾಡಿಗಳನ್ನು ಎಳೆಯುತ್ತಿದೆ.