ಮುಂದಿನ ಸ್ವರ ಮಿದುಳಿಗೆ ಮೊದಲೇ ಗೊತ್ತು! ಕೇಳುಗರನ್ನು ಕಾಯಿಸಿ ಗೆದ್ದ ಗಾಯಕ ಅಬ್ದುಲ್ ಕರೀಂ ಖಾನ್

ಹಿಂದೂಸ್ತಾನಿ ಕಛೇರಿಯಲ್ಲಿ ತಬಲಾ ಸಮ್‌ಗೆ ಬರುವ ಹೊತ್ತಿಗೆ ಸಭಿಕರ ತಲೆಗಳು ಒಟ್ಟಿಗೆ ತೂಗುತ್ತವೆ. ಪೆಟ್ಟು ಕೇಳಿದ ಮೇಲೆ ತೂಗುವುದಲ್ಲ, ಅದು ಬೀಳುವ ಕ್ಷಣವನ್ನು ಮಿದುಳು ಮೊದಲೇ ಲೆಕ್ಕ ಹಾಕಿರುತ್ತದೆ. ಹಿಂದೆ ಕೇಳಿ ಕಲಿತ ಜಾಡು ಹಿಡಿದು ಮುಂದಿನದನ್ನು ಊಹಿಸುವುದು ಅದರ ಸ್ವಭಾವ. ಈ ಕಾಯುವಿಕೆಯ ರುಚಿ ಹತ್ತಿಸಿದವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್.

ಬರೋಡಾ ತೊರೆದ ಜೋಡಿ

1872ರಲ್ಲಿ ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ ಜನಿಸಿದ ಖಾನ್ ಸಾಹೇಬರು ತಂದೆ ಕಾಲೇ ಖಾನ್ ಬಳಿ ಕಲಿತರು. ಯೌವನದಲ್ಲೇ ಬರೋಡಾ ಆಸ್ಥಾನ ಸೇರಿದರು. ಇಂದು ಕೊಯಾಲಿ ತೈಲ ಸಂಸ್ಕರಣಾಗಾರದಿಂದಲೂ ಹೆಸರಾಗಿರುವ ವಡೋದರಾ ಅದೇ. ಅಲ್ಲಿ ರಾಜಮನೆತನದ ನಂಟಿದ್ದ ಮಾನೆ ಕುಟುಂಬದ ತಾರಾಬಾಯಿ ಅವರನ್ನು ಪ್ರೀತಿಸಿದರು. ಕೊನೆಗೆ ಇಬ್ಬರೂ ಊರು ಬಿಟ್ಟರು. ವರ್ಷಗಳ ಬಳಿಕ ತಾರಾಬಾಯಿ ಮಕ್ಕಳೊಂದಿಗೆ ದೂರವಾದರು. ಮಗಳು ಖ್ಯಾತ ಗಾಯಕಿಯಾದದ್ದು ಹೀರಾಬಾಯಿ ಬಡೋದೇಕರ್ ಎಂಬ ಹೆಸರಿನಿಂದ. ಅದರಲ್ಲಿ ತಂದೆಯ ಹೆಸರಿಲ್ಲ, ಅವರು ತೊರೆದ ಊರಿನ ಹೆಸರಿದೆ.

ಕಾಯಿಸುವ ಗಾಯನ

ಮೀರಜ್‌ನಲ್ಲಿ ನೆಲೆಸಿದ ಖಾನ್ ಸಾಹೇಬರು ರಾಗವನ್ನು ಒಂದೊಂದೇ ಸ್ವರವಾಗಿ, ಸಾವಧಾನವಾಗಿ ಬೆಳೆಸುತ್ತಿದ್ದರು. ರಾಗದ ನಡೆ ಬಲ್ಲವರ ಮನಸ್ಸು ತಾರಷಡ್ಜಕ್ಕೆ ಆಗಲೇ ತಲುಪಿರುತ್ತದೆ, ಗಾಯಕ ಇನ್ನೂ ನಿಷಾದದಲ್ಲೇ ನಿಂತಿರುತ್ತಾನೆ. ಈ ಅಂತರದಲ್ಲೇ ಸುಖವಿದೆ. 2011ರಲ್ಲಿ ಕೆನಡಾದ ಮಾಂಟ್ರಿಯಲ್ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮೆಚ್ಚಿನ ಸಂಗೀತದ ರೋಮಾಂಚಕ ಘಟ್ಟ ಬರುವ ಮುನ್ನವೇ, ಅದರ ನಿರೀಕ್ಷೆಯಲ್ಲೇ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ.

ಕನ್ನಡ ನಾಡಿನ ನಂಟು

ಮೈಸೂರು ಆಸ್ಥಾನದಲ್ಲಿ ಹಾಡಿದ ಅವರು ಕರ್ನಾಟಕ ಸಂಗೀತಕ್ಕೂ ಕಿವಿಗೊಟ್ಟರು. ತ್ಯಾಗರಾಜರ ಕೃತಿಯನ್ನೂ ಧ್ವನಿಮುದ್ರಿಸಿದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಈ ಪರಂಪರೆಯವರೇ.

1937ರಲ್ಲಿ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದಾಗ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋವಿಲ್ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆಯೇ ಕುಳಿತು ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಾ ಕೊನೆಯುಸಿರೆಳೆದರು.

ಅದಕ್ಕೂ ಕೆಲ ವರ್ಷ ಮೊದಲು ಗದಗಿನ ಬಾಲಕನೊಬ್ಬ ಅವರ ಗ್ರಾಮಫೋನ್ ತಟ್ಟೆ ಕೇಳಿ, ಹಾಗೆ ಹಾಡಲೇಬೇಕೆಂದು ಗುರುವನ್ನು ಹುಡುಕಿ ಮನೆ ಬಿಟ್ಟಿದ್ದ. ಆ ಬಾಲಕನೇ ಭೀಮಸೇನ ಜೋಶಿ.